ಮೇಲಿನ ಹೊಲದ ಎಡೆ

ನನ್ನ ಗಂಡ ವೀರಬಸಪ್ಪನವರಿಗೆ ಎರೆಹುಳುವಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಭಾಷಣ ಮಾಡಲು ಬರುತ್ತದೆ. ಹೆಗಲಿಗೆ ಒಂದು ಹಸಿರು ಶಾಲು ಬಿದ್ದರೆ ಸಾಕು, ಮೈಕಿನ ಮುಂದೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಎರೆಹುಳು ರೈತನ ಮಿತ್ರ, ಭೂಮಿತಾಯಿಯ ಕರುಳು, ಸಂಬಳ ಕೇಳದ ಆಳು ಎಂದು ಶುರು ಮಾಡುತ್ತಾರೆ. ಶಿಕಾರಿಪುರದ ಸುತ್ತ ಎಲ್ಲಿ ರೈತರ ಸಭೆ ನಡೆದರೂ ಇವರಿಗೊಂದು ಕುರ್ಚಿ ಇದ್ದೇ ಇರುತ್ತದೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಊಟ ಮುಗಿಸಿ, ಶಾಲು ಮಡಚಿಕೊಂಡು ಉಡುತಡಿಯ ಮನೆಗೆ ಬಂದು ನನ್ನ ಕೈಗೆ ಕೊಡುತ್ತಾರೆ. ಅಂಥ ಶಾಲುಗಳು ಟ್ರಂಕಿನ ತುಂಬ ಇವೆ. ಅದರಲ್ಲೊಂದನ್ನು ಕತ್ತರಿಸಿ ನಾನು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಿದ್ದೇನೆ. ಇವರಿಗೆ ಇನ್ನೂ ಗೊತ್ತಾಗಿಲ್ಲ.

ಅಷ್ಟೆಲ್ಲ ಹೊಗಳಿಸಿಕೊಂಡ ಎರೆಹುಳು ನಮ್ಮದೇ ಮೇಲಿನ ಹೊಲದಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಹೊಲವನ್ನು ಇವರು ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು. ಹಿಡಿದವನು ಮಹಾಂತೇಶ. ಹೊರಗಿನಿಂದ ಬಂದು, ಊರೂರಲ್ಲಿ ಹೊಲ ಹಿಡಿದು, ಶುಂಠಿ ಕಿತ್ತುಕೊಂಡು ಮುಂದಿನ ಊರಿಗೆ ಹೋಗುವ ಮನುಷ್ಯ. ಮೊದಲ ವರ್ಷ ರೇಟು ಬಿತ್ತೆಂದು ಶುಂಠಿಯನ್ನು ಕೀಳದೆ ಮಣ್ಣಲ್ಲೇ ಬಿಟ್ಟ. ಹಾಗಾಗಿ ಹೊಲ ಎರಡು ವರ್ಷ ಅವನ ಕೈಯಲ್ಲಿತ್ತು. ಅಷ್ಟರಲ್ಲಿ ಅವನು ಆ ಮಣ್ಣಿಗೆ ಕುಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆಡ್ಡೆ ಕೊಳೆಯದಿರಲೆಂದು ಡ್ರಮ್ಮುಗಟ್ಟಲೆ ಮೈಲುತುತ್ತದ ನೀಲಿ ನೀರು, ಹುಳಕ್ಕೆಂದು ಗುಳಿಗೆ ಔಷಧಿ, ಕಳೆಗೆಂದು ಇನ್ನೊಂದು. ಹೊಡೆಯುವ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಮಣ್ಣಿನ ಮೂಗಿಗೆ ಯಾರು ಬಟ್ಟೆ ಕಟ್ಟುತ್ತಾರೆ?

ಮಹಾಂತೇಶ ಹೊಲ ಬಿಟ್ಟುಕೊಟ್ಟ ಮೇಲೆ ಇವರು ಅಲ್ಲಿ ಮೆಕ್ಕೆಜೋಳ ಹಾಕಲು ಟ್ರ್ಯಾಕ್ಟರ್ ಹೊಡೆಸಿದರು. ಮಣ್ಣು ಮಗುಚಿದ ಕಡೆಯೆಲ್ಲ ಹುಳ ಹೆಕ್ಕಲು ಬೆಳ್ಳಕ್ಕಿ ಇಳಿಯುವುದು ಎಲ್ಲರೂ ನೋಡಿದ್ದೇ. ಅವತ್ತು ನಮ್ಮ ಹೊಲಕ್ಕೆ ಒಂದೂ ಇಳಿಯಲಿಲ್ಲ. ಬದುವಿನ ಆಚೆಗೆ, ಚಿಕ್ಕಬೀರಪ್ಪ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಂಡಿದ್ದ ಹೊಲದಲ್ಲಿ, ಹಿಂಡು ಹಿಂಡಾಗಿ ಓಡಾಡಿಕೊಂಡಿದ್ದವು. ನಾನು ಕೈ ಮಾಡಿ ತೋರಿಸಿದೆ. ಇವರು ಸ್ವಲ್ಪ ಯೋಚಿಸಿ, ಬೆಳ್ಳಕ್ಕಿಗಳಿಗೆ ನಮ್ಮ ಟ್ರ್ಯಾಕ್ಟರಿನ ಬಣ್ಣ ಆಗಿಬರುವುದಿಲ್ಲ ಎಂದರು. ಇಂಥ ಮಾತನ್ನು ನಗದೆ ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ಇವರಿಗಿದೆ.

ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಹಾಂತೇಶನ ಕಣ್ಣು ಬಾವಿ ಗದ್ದೆಯ ಮೇಲೆ ಬಿತ್ತು. ನಾವು ಉಣ್ಣುವ ಅಕ್ಕಿ ಬೆಳೆಯುವುದು ಆ ಗದ್ದೆಯಲ್ಲಿ. ಸಸಿ ಮಡಿಯಿಂದ ಕಣದವರೆಗೆ ಅದನ್ನು ನೋಡಿಕೊಳ್ಳುವವರು ನಾನು ಮತ್ತು ನನ್ನತ್ತೆ ದ್ಯಾಮಮ್ಮ. ಭಾಷಣಗಳ ನಡುವೆ ಇವರಿಗೆ ಬಿಡುವಿಲ್ಲ. ಆ ಗದ್ದೆಯ ಕೆಸರಿನಲ್ಲಿ ಕಾಲಿಟ್ಟಾಗ ಮಾತ್ರ ನನಗೆ ಈ ಮನೆಯಲ್ಲಿ ನನ್ನದೂ ಅಂತ ಒಂದಿದೆ ಅನ್ನಿಸುತ್ತದೆ. ಅದನ್ನೂ ಕೊಟ್ಟರೆ ನಾನೇನು ಮಾಡಲಿ ಎಂದು ಕೇಳಿದ್ದಕ್ಕೆ, ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ ಎಂದರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಪುಣ್ಯಕ್ಕೆ ಆ ಗದ್ದೆಯ ಪಹಣಿ ಅತ್ತೆಯ ಹೆಸರಿನಲ್ಲಿದೆ. ಅವರು ಹೆಬ್ಬೆಟ್ಟು ಒತ್ತದೆ ಮಹಾಂತೇಶ ಅಲ್ಲಿ ಒಂದು ಗೆಡ್ಡೆಯನ್ನೂ ಊರುವಂತಿರಲಿಲ್ಲ. ಇವರು ದಿನಾ ಊಟಕ್ಕೆ ಕೂತಾಗ ಅದೇ ರಾಗ ತೆಗೆಯುತ್ತಿದ್ದರು. ಮೇಲಿನ ಹೊಲಕ್ಕೆ ಏನಾಗಿದೆ, ಜೋಳ ಬಂದಿಲ್ಲವೇ, ಮಣ್ಣು ಮೊದಲಿಗಿಂತ ಚೆನ್ನಾಗಿದೆ, ಬಾವಿ ಗದ್ದೆಗೂ ಏನೂ ಆಗುವುದಿಲ್ಲ. ಅತ್ತೆ ತುಂಬ ದಿನ ಕೇಳಿಸಿಕೊಂಡರು. ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಒಂದು ಸಂಜೆ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು:

"ಈ ಸಲ ಎಡೆ ಬಾವಿ ಗದ್ದೆಗೆ ಬ್ಯಾಡ, ಮ್ಯಾಲಿನ ಹೊಲಕ್ಕೆ ಇಡ್ತೀನಿ. ಆಕೆ ಉಂಡ್ರೆ ಹೆಬ್ಬೆಟ್ಟು ಒತ್ತೀನಿ. ಉಣ್ಣಲಿಲ್ಲ ಅಂದ್ರೆ ನನ್ನ ಮುಂದೆ ಶುಂಠಿ ಮಾತು ಎತ್ತಬ್ಯಾಡ."

ಭೂಮಿ ಹುಣ್ಣಿಮೆಯ ದಿನ ನಮ್ಮ ಕಡೆ ಪೈರು ತುಂಬಿದ ಭೂಮಿಯನ್ನು ಬಸುರಿ ಹೆಂಗಸು ಎಂದೇ ಪೂಜೆ ಮಾಡಿ, ಬಯಕೆಯ ಅಡಿಗೆ ಮಾಡಿ ಎಡೆ ಇಡುತ್ತೇವೆ. ಎಲ್ಲರೂ ಮಾಡುವುದೇ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಕಡುಬು, ಮೊಸರನ್ನ, ಸೊಪ್ಪಿನ ಪಲ್ಯವನ್ನು ಬಾಳೆ ಎಲೆಗೆ ಬಡಿಸಿ, ಮೇಲೊಂದು ಗೋಟಡಿಕೆ, ಒಂದು ಅರಿಶಿನದ ಕೊಂಬು ಇಟ್ಟು, ಎಲೆ ಮಡಚಿ ಗುಂಡಿಯಲ್ಲಿ ಹೂಳುತ್ತಾರೆ. ದೀಪಾವಳಿಯ ಬೆಳಿಗ್ಗೆ ಅತ್ತೆ ಹೋಗಿ ಮಣ್ಣು ಸರಿಸಿ ನೋಡುತ್ತಾರೆ. ಒಳ್ಳೆಯ ಮಣ್ಣಾದರೆ ಅಷ್ಟರಲ್ಲಿ ಹುಳ ಬಂದು ಎಲ್ಲವನ್ನೂ ಎಳೆದುಕೊಂಡು ಹೋಗಿರುತ್ತದೆ. ಎಲೆಯ ದಂಟು, ಅಡಿಕೆ, ಅರಿಶಿನದ ಕೊಂಬು ಉಳಿದಿರುತ್ತವೆ, ಸುತ್ತ ಎರೆಹುಳು ಹಾಕಿದ ಸಣ್ಣ ಸಣ್ಣ ಕಾಳಿನಂಥ ಮಣ್ಣು. ಅತ್ತೆ ಆ ಅಡಿಕೆಯನ್ನು ಸೆರಗಿಗೆ ಒರೆಸಿ, ಭೂಮಿತಾಯಿ ಉಂಡಳು ಎಂದು ಹೇಳಿ, ತಂದು ಜಗುಲಿಯ ಮೇಲೆ ಇಡುತ್ತಾರೆ. ಇದು ಹೆಂಗಸರ ಕೆಲಸ. ಇವರು ಹುಟ್ಟಿದಂದಿನಿಂದ ಈ ಮನೆಯಲ್ಲೇ ಇದ್ದರೂ ಹಬ್ಬದ ಊಟಕ್ಕೆ ಬಂದವರೇ ಹೊರತು ಒಂದು ವರ್ಷವೂ ಗುಂಡಿ ತೆಗೆಯುವಾಗ ಬಗ್ಗಿ ನೋಡಿದವರಲ್ಲ.

ಅವ್ವನ ಮಾತು ಕೇಳಿ ಇವರು ದೊಡ್ಡದಾಗಿ ನಕ್ಕು ಒಪ್ಪಿಕೊಂಡರು. ಮಾರನೆಯ ದಿನ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ, ಸೊರಬಕ್ಕೆ ಹೋಗಿ ಬರುತ್ತೀಯಾ ಎಂದರು. ಸೊರಬ ನನ್ನ ತವರು. ಅಣ್ಣ ಸಿದ್ಧಲಿಂಗೇಶ್ ಮನೆಯ ಹಿಂದೆ ತೊಟ್ಟಿ ಕಟ್ಟಿಸಿ ಎರೆಗೊಬ್ಬರ ಮಾಡುತ್ತಾನೆ. ಅಲ್ಲಿಂದ ಒಂದು ಬಕೆಟ್ ಹುಳ ತರಬೇಕಂತೆ, ಅವ್ವನಿಗೆ ಗೊತ್ತಾಗಬಾರದಂತೆ. ಹೊಲದಲ್ಲಿ ಹುಳ ಇಲ್ಲ ಅಂತ ನಿಮಗೆ ಗೊತ್ತು ಅಂತಾಯಿತಲ್ಲ ಎಂದೆ. ಇಲ್ಲ ಅಂತ ಯಾರು ಹೇಳಿದರು, ಇರುವುದಕ್ಕೆ ಜೊತೆ ಬೇಕು ಎಂದರು. ನಾನು ಜಗಳ ಆಡಲಿಲ್ಲ. ತವರಿನಲ್ಲಿ ಒಂದು ದಿನ ಕಾಲು ಚಾಚಿ ಕೂರಬಹುದು ಎಂಬ ಆಸೆಗೆ ಹೊರಟೆ. ಇವರು ಅವತ್ತು ಅಂಜನಾಪುರದ ಸಭೆಗೆ ಹೋದರು, ಎರೆಹುಳುವಿನ ಮೇಲೆ ಮಾತಾಡಲು.

ಅಣ್ಣ ವಿಷಯ ಕೇಳಿ ತೊಟ್ಟಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನ ಮುಖ ಸಪ್ಪೆಯಾಯಿತು. ಕೈಯಲ್ಲಿ ಒಂದು ಹಿಡಿ ಗೊಬ್ಬರ ಎತ್ತಿದ. ಅದರ ತುಂಬ ಕೆಂಪನೆಯ ಸಣ್ಣ ಹುಳ, ಒದ್ದೆಯಾಗಿ ಹೊಳೆಯುತ್ತಿದ್ದವು.

"ಇವು ಸಗಣಿಯಲ್ಲಿ ಬದುಕೋ ಹುಳ ಕಣೆ ಗಂಗಾ, ಹೊಲದ್ದಲ್ಲ. ಒಳ್ಳೆ ಮಣ್ಣಿಗೆ ಬಿಟ್ರೂ ನಿಲ್ಲೋದು ಕಷ್ಟ. ಇವಕ್ಕೆ ಮೂಗು ಬಾಯಿ ಎಲ್ಲ ಮೈಚರ್ಮನೇ. ಮೈಲುತುತ್ತದ ಮಣ್ಣಿಗೆ ಬಿಟ್ರೆ ಮೈ ಪೂರಾ ಉರಿ ಹತ್ತಿದ ಹಾಗೆ ಆಗುತ್ತೆ. ಭಾವನಿಗೆ ಇಷ್ಟೂ ಗೊತ್ತಿಲ್ವ ಮಾರಾಯ್ತಿ?"

ಗೊತ್ತಿದೆ, ಭಾಷಣದಲ್ಲಿ ಇದೇ ಮಾತನ್ನು ನಿನಗಿಂತ ಚೆನ್ನಾಗಿ ಹೇಳುತ್ತಾರೆ ಎಂದೆ. ಅಣ್ಣನಿಗೆ ಕೊಡಲು ಮನಸ್ಸಿರಲಿಲ್ಲ. ಬರಿಗೈಯಲ್ಲಿ ಹೋದರೆ ತಂಗಿ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ ಎಂದು, ಬಕೆಟ್ಟಿನ ತಳಕ್ಕೆ ಸಗಣಿ ಗೊಬ್ಬರ ಹಾಕಿ, ಹುಳ ಬಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿಕೊಟ್ಟ.

ಸೊರಬದ ಬಸ್‌ಸ್ಟ್ಯಾಂಡಿನಿಂದ ಶಿಕಾರಿಪುರದವರೆಗೆ ಆ ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಮೀನೇನ್ರೀ ಎಂದು ಕೇಳಿದ. ಎರೆಹುಳು ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಗೋಣಿ ಎತ್ತಿ ನೋಡಿದೆ. ತಂಪಾಗಿ, ಒಂದರ ಮೇಲೊಂದು ಮಲಗಿದ್ದವು. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆಂದು ಅವಕ್ಕೆ ಏನು ಗೊತ್ತು? ನನಗೆ ನಿಜವಾಗಿ ಸಂಕಟವಾಯಿತು. ದಾರಿಯಲ್ಲೇ ಯಾವುದಾದರೂ ತಿಪ್ಪೆಗೆ ಸುರಿದುಬಿಡೋಣ ಅನ್ನಿಸಿತು. ಇಳಿಯುವಷ್ಟರಲ್ಲಿ ಇವರು ಸ್ಕೂಟರ್ ತಂದು ನಿಂತಿದ್ದರು. ನನ್ನನ್ನು ಮಾತಾಡಿಸುವ ಮುಂಚೆ ಬಕೆಟ್ ಇಸಿದುಕೊಂಡರು. ಮೇಲಿನ ಹೊಲದ ಮೂಲೆಯಲ್ಲಿ, ಎಡೆ ಇಡುವ ಜಾಗವನ್ನು ಅತ್ತೆ ಮೊದಲೇ ತೋರಿಸಿದ್ದರು. ಕತ್ತಲಾಗುವ ಮುಂಚೆ ಇವರು ಅಲ್ಲಿ ಅಗೆದು, ಬಕೆಟ್ ಬೋರಲು ಹಾಕಿ, ಮಣ್ಣು ಮುಚ್ಚಿ, ಹಿತವಾಗಿ ನೀರು ಚಿಮುಕಿಸಿ ಬಂದರಂತೆ. ಹುಳಕ್ಕೆ ಹೊಸ ಮನೆ ಎಂದು ನನಗೆ ಹೇಳಿದರು.

ಮಾರನೆಯ ದಿನವೇ ಹುಣ್ಣಿಮೆ. ಬೆಳಗಿನ ಜಾವ ನಾನೂ ಅತ್ತೆಯೂ ಚಿತ್ತಾರ ಬರೆದ ಬುಟ್ಟಿ ಹೊತ್ತುಕೊಂಡು ಮೇಲಿನ ಹೊಲಕ್ಕೆ ಹೋದೆವು. ಬೆಳಕು ಹರಿಯುತ್ತಿತ್ತು. ಮೂಲೆಯ ಆ ಜಾಗದಲ್ಲಿ ಮಣ್ಣಿನ ಮೇಲೆ ಕೆಂಪಗೆ ಏನೋ ಹರಡಿದಂತಿತ್ತು. ಹತ್ತಿರ ಹೋದರೆ ಅಣ್ಣನ ತೊಟ್ಟಿಯ ಹುಳ. ಮಣ್ಣೊಳಗೆ ಇರಲಾರದೆ ಎಲ್ಲ ಮೇಲೆ ಎದ್ದು ಬಂದಿದ್ದವು. ಕೆಲವು ಗಂಟು ಕಟ್ಟಿಕೊಂಡಂತೆ ಮುದುಡಿ ಸತ್ತಿದ್ದವು. ಕೆಲವು ಮೈ ಊದಿಸಿಕೊಂಡು ಒದ್ದಾಡುತ್ತಿದ್ದವು. ಬದುಕಿದ್ದವು ಚಿಕ್ಕಬೀರಪ್ಪನ ಹೊಲದ ಕಡೆಗೆ ಹರಿಯುತ್ತಿದ್ದವು. ಇರುವೆ ಸಾಲು ಆಗಲೇ ಬಂದು ಕೆಲಸ ಶುರು ಮಾಡಿತ್ತು.

ಅತ್ತೆ ಬುಟ್ಟಿ ಇಳಿಸಿ ಕುಕ್ಕರಗಾಲಲ್ಲಿ ಕೂತರು. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ನನ್ನ ಮುಖವನ್ನೂ ನೋಡಿದರು. ನಾನು ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಪಾಪ, ಎಲ್ಲಿಂದಲೋ ಕರೆಸಿದ ನೆಂಟರು. ಉಣ್ಣಾಕೆ ಕೂರದೆ ಎದ್ದು ಹೊಂಟಾವೆ" ಎಂದರು.

ಜೀವ ಇದ್ದವನ್ನು ಆರಿಸಿ, ಎಲೆಯಲ್ಲಿ ಕಟ್ಟಿ, ಮನೆಯ ತಿಪ್ಪೆಗೆ ಬಿಡಲು ನನ್ನ ಕೈಗೆ ಕೊಟ್ಟರು. ಆಮೇಲೆ ಏನೂ ಆಗದವರಂತೆ ಪೂಜೆ ಮಾಡಿ, ಎಡೆ ಬಡಿಸಿ, ಅಡಿಕೆ ಅರಿಶಿನ ಇಟ್ಟು, ಮಡಚಿ ಹೂತರು. ಆಡಿದ ಮಾತಿನಂತೆ ದೀಪಾವಳಿಯವರೆಗೆ ಕಾಯುವುದು ಅವರ ಹಟ.

ಮನೆಗೆ ಬಂದು ನಾನು ಇವರಿಗೆ ಹುಳದ ಗತಿ ಹೇಳಿದೆ. ಇವರ ಮುಖ ಒಂದು ಗಳಿಗೆ ಬಾಡಿತು. ಆಮೇಲೆ, ನಿಮ್ಮಣ್ಣ ಒಳ್ಳೆಯ ಹುಳ ಕೊಟ್ಟಿಲ್ಲ, ಸೊರಬದ ಹುಳಕ್ಕೆ ತಾಕತ್ತಿಲ್ಲ ಎಂದರು. ಬೆಳ್ಳಕ್ಕಿಗೆ ಬಣ್ಣ ಆಗಲಿಲ್ಲ, ಹುಳಕ್ಕೆ ಊರು ಆಗಲಿಲ್ಲ. ಜಗತ್ತಿನಲ್ಲಿ ತಪ್ಪಿಲ್ಲದೆ ಉಳಿದದ್ದು ಮಹಾಂತೇಶನ ಡ್ರಮ್ಮು ಮತ್ತು ಇವರು ಮಾತ್ರ. ಅವತ್ತಿನಿಂದ ಇವರು ಮಾತು ಕಡಿಮೆ ಮಾಡಿದರು. ದೀಪಾವಳಿಗೆ ಇನ್ನೆರಡು ದಿನ ಇರುವಾಗ ಮಾತ್ರ ಎಲ್ಲಿಗೋ ಹೋಗಿ ಬಂದು ಬಹಳ ಗೆಲುವಾಗಿದ್ದರು. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಹೊಲದ ಕಡೆ ಕೈಯಾಡಿಸದವರ ಉಗುರಿನಲ್ಲಿ ಮಣ್ಣು ಕಂಡರೆ ಹೆಂಡತಿಗೆ ಅನುಮಾನ ಬಾರದೆ ಇರುತ್ತದೆಯೇ? ಕೇಳಿದ್ದಕ್ಕೆ, ಹಬ್ಬಕ್ಕೆ ಸ್ಕೂಟರ್ ತೊಳೆದೆ ಎಂದರು. ಸ್ಕೂಟರ್ ಅಂಗಳದಲ್ಲಿ ಧೂಳು ಹಿಡಿದುಕೊಂಡೇ ನಿಂತಿತ್ತು.

ಹಬ್ಬದ ಬೆಳಿಗ್ಗೆ ಎಲ್ಲರೂ ಮೇಲಿನ ಹೊಲಕ್ಕೆ ಹೋದೆವು. ಇವರು ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು, ನಾನು ನಡೆದು ಬಂದೆ. ಮಹಾಂತೇಶ ಮೊದಲೇ ಬಂದು ಬದುವಿನ ಮೇಲೆ ನಿಂತಿದ್ದ. ಅಂಗಿಯ ಜೇಬಿನಲ್ಲಿ ಕಾಗದದ ಜೊತೆ ಹೆಬ್ಬೆಟ್ಟಿನ ಶಾಯಿಯ ಡಬ್ಬಿಯೂ ಇತ್ತು. ಹಬ್ಬದ ದಿನ ಹೆಂಡತಿ ಮಕ್ಕಳನ್ನು ಬಿಟ್ಟು ಇನ್ನೊಬ್ಬರ ಹೊಲದಲ್ಲಿ ಶಾಯಿ ಹಿಡಿದು ನಿಲ್ಲುವ ಭಕ್ತಿ ಯಾರಿಗಿದ್ದೀತು! ಅತ್ತೆ ಅವನ ಕಡೆ ನೋಡದೆ, ಎಡೆ ಹೂತ ಕಡೆ ಕೂತು ಕೈಯಿಂದ ಮಣ್ಣು ಸರಿಸಿದರು.

ಗುಂಡಿ ಖಾಲಿ. ಕಡುಬಿಲ್ಲ, ಅನ್ನವಿಲ್ಲ. ಇವರು ಹಿಂದಿನಿಂದ ಬಗ್ಗಿ ನೋಡಿ, ಸಭೆಯಲ್ಲಿ ಮಾತಾಡುವ ದನಿಯಲ್ಲಿ, ನೋಡವ್ವ, ತಾಯಿ ಒಂದಗುಳೂ ಬಿಡದಂಗೆ ಉಂಡಾಳೆ ಎಂದರು. ಮಹಾಂತೇಶ ಜೇಬಿಗೆ ಕೈ ಹಾಕಿದ. ಬಾವಿ ಗದ್ದೆ ಹೋಯಿತು ಎಂದುಕೊಂಡೆ.

ಅತ್ತೆ ಮಾತ್ರ ಏಳಲಿಲ್ಲ. ಗುಂಡಿಯ ಸುತ್ತ, ಮೇಲೆ ಕೆಳಗೆ, ಇನ್ನೊಂದು ಸಲ ಕೈಯಾಡಿಸಿದರು. ಒಂದು ಹಿಡಿ ಮಣ್ಣು ಎತ್ತಿ ಬೆರಳ ಸಂದಿಯಿಂದ ಉದುರಿಸಿದರು. ಕಾಳಿನಂಥ ಮಣ್ಣು ಒಂದೂ ಇರಲಿಲ್ಲ. ಅಡಿಕೆ ಎಲ್ಲಿ ಎಂದು ಕೇಳಿದರು. ಇವರಿಗೆ ಅರ್ಥವಾಗಲಿಲ್ಲ. ಯಾವ ಅಡಿಕೆ ಎಂದರು. ಅತ್ತೆ ನಿಧಾನಕ್ಕೆ ತಿರುಗಿ ಮಗನ ಮುಖ ನೋಡಿದರು.

"ಭೂಮಿತಾಯಿ ಉಂಡು ಎದ್ರೆ ಎಲೆ ದಂಟು, ಅಡಿಕೆ, ಅರಿಶಿಣ ಬಿಟ್ಟು ಏಳ್ತಾಳೆ. ನಾನು ಮದುವೆಯಾಗಿ ಬಂದಾಗಿನಿಂದ ನೋಡೀನಿ. ಎಲೆ ಅಡಿಕೆ ಸಮೇತ ಹೊತ್ಕೊಂಡು ಹೋಗಾದು ಕಳ್ಳರ ಕೆಲಸ."

ಇವರು ನಾಯಿಯೋ ಹಂದಿಯೋ ಎಳೆದಿರಬೇಕು ಎಂದು ಏನೋ ಹೇಳತೊಡಗಿದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಇರಲಿ, ಬಂದದ್ದಕ್ಕೆ ಕರ್ಪೂರ ಬೆಳಗೋಣ, ಬೆಂಕಿಪೊಟ್ಟಣ ತಾ ಎಂದು ನನಗೆ ಹೇಳಿದರು. ಪೂಜೆಯ ಚೀಲದಲ್ಲಿ ಅದನ್ನು ಇಡಲು ನಾನು ಮರೆತಿದ್ದೆ. ಇವರ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಯಾವಾಗಲೂ ಇರುತ್ತದೆ, ಬೀಡಿ ಬಿಟ್ಟೆನೆಂದು ಊರಿಗೆಲ್ಲ ಹೇಳಿಕೊಂಡ ಮೇಲೂ. ನಾನು ಸ್ಕೂಟರಿನ ಕಡೆ ಹೊರಟೆ. ಇರು ಇರು, ನಾನೇ ತರುತ್ತೇನೆ ಎಂದು ಇವರು ಓಡಿ ಬಂದರು. ಕೀಲಿ ಸ್ಕೂಟರಿನಲ್ಲೇ ಇತ್ತು. ನಾನು ಡಿಕ್ಕಿ ತೆರೆದಾಗಿತ್ತು.

ಬೆಂಕಿಪೊಟ್ಟಣದ ಪಕ್ಕದಲ್ಲಿ ಹಸಿರು ಶಾಲಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದೆ. ಎಡೆ ಹಾಗೇ ಇತ್ತು. ಬಾಳೆ ಎಲೆ ಕಂದಿತ್ತು, ಅಷ್ಟೆ. ಅತ್ತೆ ಮಡಚಿದ ಮಡಿಕೆ ಹಾಗೇ. ಒಳಗೆ ಕಡುಬು ಒಣಗಿ ಗಟ್ಟಿಯಾಗಿ ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಡಿಕೆ, ಅರಿಶಿನದ ಕೊಂಬು ಇಟ್ಟಲ್ಲೇ ಇದ್ದವು. ಮನೆಯಲ್ಲಿ ಒಂದು ರಾತ್ರಿ ಮರೆತರೆ ಹಳಸುವ ಅಡಿಗೆ, ಅಷ್ಟು ದಿನ ಹಸಿ ಮಣ್ಣಿನಲ್ಲಿದ್ದರೂ ಯಾವ ಹುಳವೂ ಮೂಸಿರಲಿಲ್ಲ. ಗೊಬ್ಬರದ ಅಂಗಡಿಯ ವಾಸನೆ ಬರುತ್ತಿತ್ತು.

ಎಡೆ ಹಾಗೇ ಬಿದ್ದಿರುವುದನ್ನು ನೋಡಿ ಇವರು ಎರಡು ದಿನ ಮುಂಚೆ ತೆಗೆದಿದ್ದರು. ತೆಗೆದದ್ದನ್ನು ಬಿಸಾಡಲು ಮಾತ್ರ ಧೈರ್ಯ ಬಂದಿರಲಿಲ್ಲ, ದೇವರ ಎಡೆ ನೋಡಿ. ಎರಡು ವರ್ಷ ಹೊಲಕ್ಕೆ ವಿಷ ಸುರಿಸುವಾಗ ನಡುಗದ ಕೈ, ಒಂದು ಹಿಡಿ ಎಡೆಯನ್ನು ಕಾಲುವೆಗೆ ಎಸೆಯಲು ನಡುಗಿತ್ತು. ಶಾಲು ಹೊದಿಸಿ ಇಟ್ಟುಕೊಂಡಿದ್ದರು.

ನಾನು ಗಂಟನ್ನು ತಂದು ಅತ್ತೆಯ ಮುಂದಿಟ್ಟೆ. ಅವರು ಬೈಯಲಿಲ್ಲ. ಎಲೆಯನ್ನು ಬದುವಿನ ಮೇಲೆ ಬಿಡಿಸಿ, ಊಟಕ್ಕೆ ಬಡಿಸಿದಂತೆ ಸರಿಮಾಡಿ, ಮಗನಿಗೆ ಕೈಸನ್ನೆ ಮಾಡಿದರು.

"ಬಾ, ಕೂತ್ಕೋ. ಮಣ್ಣು ಚೆನ್ನಾಗೈತಿ ಅಂದ್ಯಲ್ಲ. ಅಡಿಗೆಯೇನು ಹಳಸಿಲ್ಲ. ಉಣ್ಣು."

ಇವರು ಮಹಾಂತೇಶನ ಕಡೆ ನೋಡಿದರು. ಮಹಾಂತೇಶ ಚಿಕ್ಕಬೀರಪ್ಪನ ಹೊಲದ ಕಡೆ ನೋಡಿದ. ಕೊನೆಗೆ ಇವರು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು, ಅಷ್ಟು ದಿನ ನಾವು ಹೇಳಿ ಹೇಳಿ ಸೋತ ಮಾತನ್ನು ತಾವೇ ಹೇಳಿದರು.

"ಬ್ಯಾಡವ್ವ. ಅದ್ರಾಗೆ ಔಷಧಿ ಇಳಿದಿರತೈತಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅತ್ತೆ ಪಕ್ಕದ ಮಣ್ಣಿನ ಮೇಲೆ ಅಂಗೈ ಊರಿದರು.

"ಬಸುರಿ ಅಂತ ಆಕೆಗೆ ಬಯಕೆ ಊಟ ಇಟ್ಟೀವಿ. ನೀನು ಬಾಯಿಗೆ ಇಡದ್ದನ್ನ ಎರಡು ವರ್ಷ ಆಕೆ ಬಾಯಿಗೆ ಹೊಯ್ಸಿದ್ಯಲ್ಲೋ" ಎಂದರು.

ಮಹಾಂತೇಶ ಶಾಯಿ ಡಬ್ಬಿಯನ್ನು ಜೇಬಿನ ಆಳಕ್ಕೆ ತಳ್ಳಿ, ಇನ್ನೊಂದು ದಿನ ಬರುತ್ತೇನೆ ಎಂದು ಯಾರಿಗೂ ಅಲ್ಲದಂತೆ ಹೇಳಿ ಬೈಕ್ ಹತ್ತಿದ. ಅತ್ತೆ ಎಲೆಯ ಮೇಲಿನಿಂದ ಅಡಿಕೆಯನ್ನು ಎತ್ತಿಕೊಂಡು, ಸೆರಗಿಗೆ ಒರೆಸಲು ಹೋದವರು ತಡೆದು, ಅದನ್ನೂ ತಿರುಗಿ ಇಟ್ಟುಬಿಟ್ಟರು. ಎಲೆ ಮಡಚಿ ಮಗನ ಕೈಗೆ ಕೊಟ್ಟರು. ಎಲ್ಲಿ ಹಾಕಲಿ ಎಂದು ಇವರು ಕೇಳಿದರು. ಬಾವಿ ಗದ್ದೆಗೆ ತರಬೇಡ ಎಂದಷ್ಟೇ ಹೇಳಿ ಅತ್ತೆ ನನ್ನ ಭುಜ ಹಿಡಿದುಕೊಂಡು ಎದ್ದರು.

ನಾವಿಬ್ಬರೂ ಕೆಳಗಿನ ದಾರಿ ಹಿಡಿದು ಬಾವಿ ಗದ್ದೆಗೆ ಹೊರಟೆವು. ಅಲ್ಲಾದರೂ ಕರ್ಪೂರ ಬೆಳಗಬೇಕಿತ್ತು. ತೆನೆ ಬಾಗಿತ್ತು, ಬದುವಿನ ಒದ್ದೆಯಲ್ಲಿ ಎರೆಹುಳು ಹಾಕಿದ ಕಾಳುಮಣ್ಣು ಕಾಲಿಗೆ ಮೆತ್ತಗೆ ಸಿಗುತ್ತಿತ್ತು. ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದೆ. ಇವರಿಗೆ ಅದನ್ನು ತಿನ್ನಲಾಗದು, ಬಿಸಾಡಲಾಗದು, ಮತ್ತೆ ಆ ಮಣ್ಣಿಗೆ ಹಾಕಿದರೆ ಅದು ಉಣ್ಣದು. ಎಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲಿನ ಹೊಲದಲ್ಲಿ ನಿಂತೇ ಇದ್ದರು.